ಸಿಂಹಾಸನವೇರದ ಹಬಶಿ

ಕೊಳ್ಳೇಗಾಲದ ಬಳಿಯ ಮಧುವನಹಳ್ಳಿಯಲ್ಲಿರುವ ನನಗೆ ವಿಜಯಪುರವೆಂದರೆ ನಾಡಿನ ಇನ್ನೊಂದು ತುದಿ. ಆದರೆ ಒಂದು ಕಾಲಕ್ಕೆ ಆ ವಿಜಯಪುರಕ್ಕೆ ಕಡಲಾಚೆಯ ಅಬಿಸೀನಿಯವೂ ದೂರವಾಗಿರಲಿಲ್ಲ. ಆದಿಲಶಾಹಿ ಆಸ್ಥಾನದಲ್ಲಿ ಹಬಶಿಗಳೆನಿಸಿದ ಆಫ್ರಿಕದ ಜನ ದಂಡನಾಯಕರಾಗಿದ್ದರು, ಮಂತ್ರಿಗಳೂ ಆಗಿದ್ದರು. ಆ ಆಸ್ಥಾನಕ್ಕೆ ಮೊದಲು ಸೇವಕನೂ ಅನಂತರ ಮಿತ್ರನೂ ಕಡೆಗೆ ವೈರಿಯೂ ಆದ ಮಲಿಕ್ ಅಂಬರನ ವಿಷಯವನ್ನು ಇಲ್ಲಿ ಹೇಳಬಯಸುತ್ತೇನೆ.

1548ರ ಸುಮಾರಿಗೆ ಇಂದಿನ ಇಥಿಯೋಪಿಯದಲ್ಲಿ ಹುಟ್ಟಿದ ಈತ ಎಳವೆಯಲ್ಲೇ ಗುಲಾಮನಾಗಿ, ಬಾಗ್ದಾದನ್ನು ಹಾದು, ಅಹಮದನಗರದ ಪೇಶ್ವೆ ಚಂಗೀಜ್ ಖಾನನ ಕೈಸೇರಿದ. ಆ ಪೇಶ್ವೆಯೂ ಹಬಶಿಯೇ. ಒಡೆಯ ತೀರಿಕೊಂಡ ಮೇಲೆ ಬಿಡುಗಡೆ ಹೊಂದಿ ಕೆಲಕಾಲ ವಿಜಯಪುರದ ಸೈನ್ಯದಲ್ಲಿ ದುಡಿದ. 1600ರಲ್ಲಿ ಅಹಮದನಗರದ ಕೋಟೆ ಮೊಗಲರ ವಶವಾದಾಗ, ನಿಜಾಮಶಾಹಿ ಮನೆತನದ ತರುಣನೊಬ್ಬನನ್ನು ಪಟ್ಟಕ್ಕೆ ಕೂಡಿಸಿ ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದ. ಅಧಿಕಾರವೆಲ್ಲ ತನ್ನದೇ ಆದರೂ ತಾನು ಮಾತ್ರ ಸಿಂಹಾಸನವೇರಲಿಲ್ಲ. ಇದು ವಿನಯವಲ್ಲ, ಲೆಕ್ಕಾಚಾರವೆಂದೇ ನನಗೆ ತೋರುತ್ತದೆ. ಗುಲಾಮನ ಮುದ್ರೆಗೆ ತಲೆಬಾಗದ ನೆರೆಯ ಅರಸರು ನಿಜಾಮಶಾಹನ ಪೇಶ್ವೆಯೊಡನೆ ಮಾತುಕತೆಗೆ ಕೂರಬಲ್ಲರು.

ಹಾಗೆಯೇ ಆಯಿತು. ಎರಡನೆಯ ಇಬ್ರಾಹಿಂ ಆದಿಲಶಾಹ ಅವನಿಗೆ ನೆರವಿತ್ತ. ಅಂಬರನ ಮಗ ಫತೇ ಖಾನನಿಗೆ ವಿಜಯಪುರದ ಸರದಾರ ಯಾಕೂತ್ ಖಾನನ ಮಗಳನ್ನು ತಂದುಕೊಂಡದ್ದರಿಂದ ಮೈತ್ರಿಗೆ ಬೀಗತನದ ಬಲವೂ ಬಂತು. ಬೆನ್ನಿಗೆ ವಿಜಯಪುರವಿದ್ದುದರಿಂದಲೇ ಅವನು ಜಹಾಂಗೀರನ ಸೈನ್ಯಗಳನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಬಲ್ಲವನಾದ.

ಆದರೆ ಅಂಬರ್ ಬಲಿತಷ್ಟೂ ವಿಜಯಪುರಕ್ಕೆ ಅಳುಕು ಹೆಚ್ಚಿತು. ಕಡೆಗೆ ಅದು ಮೊಗಲರ ಕೈಹಿಡಿಯಿತು. 1624ರಲ್ಲಿ ಅಂಬರ್ ಭಾತವಡಿಯಲ್ಲಿ ಆ ಎರಡೂ ಸೈನ್ಯಗಳನ್ನು ಒಟ್ಟಿಗೆ ಸೋಲಿಸಿದ. ಇಬ್ರಾಹಿಂ ಅಕ್ಕರೆಯಿಂದ ಕಟ್ಟಿಸುತ್ತಿದ್ದ ನವರಸಪುರವನ್ನು ಹಾಳುಗೆಡವಿದ. ಗೆಲುವು ಅಂಬರನದು, ನಿಜ. ಆದರೆ ಅವನು ಜೀವಮಾನವಿಡೀ ಕಾಪಾಡಿಕೊಂಡು ಬಂದಿದ್ದ ಮೈತ್ರಿ ಅಲ್ಲಿಗೆ ಮುರಿದುಬಿತ್ತು.

ಅಂಬರ್ 1626ರಲ್ಲಿ ತೀರಿಕೊಂಡ. ಹತ್ತೇ ವರ್ಷಗಳಲ್ಲಿ, 1636ರಲ್ಲಿ, ಅವನು ಉಳಿಸಿದ್ದ ರಾಜ್ಯವನ್ನು ಮೊಗಲರೂ ವಿಜಯಪುರದವರೂ ಹಂಚಿಕೊಂಡರು. ವಿಜಯಪುರಕ್ಕೆ ನೆಲ ದಕ್ಕಿತು. ಆದರೆ ಉತ್ತರದಲ್ಲಿ ಅಡ್ಡಲಾಗಿದ್ದ ಗೋಡೆ ಬಿತ್ತು. ಮುಂದೆ ಐವತ್ತು ವರ್ಷಗಳಿಗೆ, 1686ರಲ್ಲಿ, ಔರಂಗಜೇಬ ವಿಜಯಪುರದ ಕೋಟೆಯನ್ನೇ ವಶಪಡಿಸಿಕೊಂಡ. ತನ್ನ ಸೈನ್ಯದಲ್ಲಿ ಹಿಂದೊಮ್ಮೆ ಸಂಬಳಕ್ಕಿದ್ದ ಹಬಶಿ ಉತ್ತರದ ಬಾಗಿಲಲ್ಲಿ ನಿಂತು ಯಾರನ್ನು ಕಾಯುತ್ತಿದ್ದನೆಂಬುದು ವಿಜಯಪುರಕ್ಕೆ ಆಗ ತಿಳಿದಿರಬೇಕು.