ಬಿತ್ತನೆಯ ಬೀಜ: ಕೇಟೆ ಕೊಲ್ವಿಟ್ಸಳ ಕೊನೆಯ ಕಲ್ಲಚ್ಚು

ಜರ್ಮನಿಯ ಕೊಲೋನ್ ನಗರದಲ್ಲಿ ಕೇಟೆ ಕೊಲ್ವಿಟ್ಸ್ ಎಂಬ ಕಲಾವಿದೆಯ ಹೆಸರನ್ನು ಹೊತ್ತ ಸಂಗ್ರಹಾಲಯವೊಂದುಂಟು. 1985ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಕಟ್ಟಿ ನಡೆಸಿಕೊಂಡು ಬಂದದ್ದು ಸರಕಾರವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಆ ಜಿಲ್ಲೆಯ ಒಂದು ಉಳಿತಾಯ ಬ್ಯಾಂಕು. ಲೆಕ್ಕದ ಪುಸ್ತಕಕ್ಕೂ ಕಲೆಗೂ ಎಣ್ಣೆ ಸೀಗೆಯ ಸಂಬಂಧವೆಂದು ನಂಬಿದವರು ಇದನ್ನು ಗಮನಿಸಬೇಕು. ಅಲ್ಲಿಯ ಮುದ್ರಣಚಿತ್ರಗಳ ನಡುವೆ ಒಂದೂವರೆ ಗೇಣಿನಷ್ಟು ಉದ್ದಗಲದ ಒಂದು ಕಲ್ಲಚ್ಚು ಇದೆ. ಅದು ರಚಿತವಾದದ್ದು 1941ರಲ್ಲಿ. ಆಗ ಕಲಾವಿದೆಯ ವಯಸ್ಸು ಎಪ್ಪತ್ತನಾಲ್ಕು. ಅದರ ಹೆಸರು ‘ಬಿತ್ತನೆಯ ಬೀಜವನ್ನು ಬೀಸಬಾರದು’.

ಈ ಮಾತು ಕಲಾವಿದೆಯದಲ್ಲ. ಗಯಟೆ ಮಹಾಕವಿಯ ‘ವಿಲ್‌ಹೆಲ್ಮ್ ಮೈಸ್ಟರ್’ ಕಾದಂಬರಿಯಿಂದ ಆಕೆ ಆಯ್ದುಕೊಂಡದ್ದು. ಒಕ್ಕಲುತನದ ನಾಡಿನವರಿಗೆ ಇದಕ್ಕೆ ಟೀಕೆ ಬೇಕಾಗಿಲ್ಲ. ಎಂತಹ ಬರಗಾಲದಲ್ಲಿಯೂ ಮುಂದಿನ ಮಳೆಗೆಂದು ಕಟ್ಟಿಟ್ಟ ಬೀಜಕ್ಕೆ ಕೈಹಾಕಿದವನ ಮನೆ ಉಳಿಯದೆಂಬುದನ್ನು ನಮ್ಮ ರೈತನೂ ಬಲ್ಲ.

ಆದರೆ ಕೊಲ್ವಿಟ್ಸಳ ಪಾಲಿಗೆ ಈ ಮಾತಿನ ಹಿಂದೆ ಒಂದು ಸ್ವಂತ ಲೆಕ್ಕವಿತ್ತು. 1914ರಲ್ಲಿ ಯುದ್ಧ ಆರಂಭವಾದಾಗ ಹದಿನೆಂಟು ವರ್ಷದ ಕಿರಿಯ ಮಗ ಪೇಟರ್ ಸೈನ್ಯ ಸೇರಲು ಹಂಬಲಿಸಿದ. ಪ್ರಾಯಕ್ಕೆ ಬಾರದ ಹುಡುಗನಾದುದರಿಂದ ತಂದೆಯ ಅನುಮತಿ ಬೇಕಾಗಿತ್ತು. ಬರ್ಲಿನ್ನಿನ ಬಡವರ ಕೇರಿಯಲ್ಲಿ ವೈದ್ಯನಾಗಿದ್ದ ತಂದೆ ಕಾರ್ಲ್ ಒಪ್ಪಲಿಲ್ಲ. ಮಗನ ಪರವಾಗಿ ಗಂಡನನ್ನು ಒಪ್ಪಿಸಿದವಳು ತಾಯಿಯೇ. ಅದೇ ಅಕ್ಟೋಬರಿನಲ್ಲಿ ಪೇಟರ್ ಬೆಲ್ಜಿಯಮ್ಮಿನ ರಣರಂಗದಲ್ಲಿ ಮಡಿದ. ನಾಲ್ಕು ವರ್ಷಗಳ ತರುವಾಯ, ಜರ್ಮನಿ ಸೋಲಿನ ಅಂಚಿಗೆ ಬಂದಾಗ, ಕವಿ ರಿಚಾರ್ಡ್ ಡೇಮೆಲ್ ಕೊನೆಯ ಹೋರಾಟಕ್ಕಾಗಿ ಸ್ವಯಂಸೇವಕರಿಗೆ ಕರೆಕೊಟ್ಟ. ಆತ ಐವತ್ತು ದಾಟಿದ ಮೇಲೂ ತಾನೇ ಯುದ್ಧಕ್ಕೆ ಹೋಗಿದ್ದವನು. ಬರಿಯ ಬಾಯಿಮಾತಿನವನೆಂದು ತಳ್ಳಿಹಾಕುವಂತಿರಲಿಲ್ಲ. ಕೊಲ್ವಿಟ್ಸ್ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಉತ್ತರ ಬರೆದಳು. ಆ ಉತ್ತರವನ್ನು ಆಕೆ ಮುಗಿಸಿದ್ದು ಗಯಟೆಯ ಇದೇ ವಾಕ್ಯದಿಂದ. ಮಾತು ಚಿತ್ರವಾಗುವುದಕ್ಕೆ ಇಪ್ಪತ್ತಮೂರು ವರ್ಷ ಹಿಡಿಯಿತು.

ಚಿತ್ರದಲ್ಲಿರುವುದು ಒಬ್ಬ ವೃದ್ಧೆ ಮತ್ತು ಮೂವರು ಹುಡುಗರು. ಹಿನ್ನೆಲೆಯಿಲ್ಲ, ಊರಿಲ್ಲ, ಶತ್ರುವೂ ಇಲ್ಲ. ಆಕೆಯ ತೋಳುಗಳು ಕೋಳಿಯ ರೆಕ್ಕೆಯಂತೆ ಮಕ್ಕಳ ಮೇಲೆ ಕವಿದಿವೆ. ಐರೋಪ್ಯ ಕಲೆಯನ್ನು ಬಲ್ಲವರಿಗೆ ಇಲ್ಲಿ ಮೇರಿಮಾತೆಯ ಹಳೆಯ ಚಿತ್ರಗಳು ನೆನಪಾಗುವುದು ಸಹಜ. ಅಲ್ಲಿಯೂ ಭಕ್ತರು ಮಾತೆಯ ನಿಲುವಂಗಿಯ ಮರೆಯಲ್ಲಿ ಆಶ್ರಯ ಪಡೆದಿರುತ್ತಾರೆ. ವ್ಯತ್ಯಾಸವಿರುವುದು ಮಕ್ಕಳ ಮುಖಗಳಲ್ಲಿ. ಇವರು ಆಶ್ರಯ ಬೇಡಿ ಬಂದವರಲ್ಲ. ತೋಳಿನ ಸಂದಿಯಿಂದ ಹೊರಗೆ ಇಣುಕುತ್ತಿದ್ದಾರೆ. ಇವರು ಹದಿನಾರರ ಹರೆಯದವರು, ಬಿಡಿಸಿಕೊಂಡು ನುಗ್ಗಲು ಬಯಸುವವರು ಎಂದು ಕಲಾವಿದೆಯೇ ಆ ಡಿಸೆಂಬರಿನಲ್ಲಿ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಹಾಗಾಗಿ ಆ ತೋಳುಗಳು ಕಾಯುವ ತೋಳುಗಳಷ್ಟೇ ಅಲ್ಲ, ತಡೆಯುವ ತೋಳುಗಳು. 1914ರಲ್ಲಿ ಸಡಿಲಿಸಿದ ಹಿಡಿತವನ್ನು ತಾಯಿ ಇಲ್ಲಿ ಬಿಗಿಗೊಳಿಸಿದ್ದಾಳೆ. ಇದನ್ನು ಕೇವಲ ಮಾತೃವಾತ್ಸಲ್ಯದ ಚಿತ್ರವೆಂದು ಹೊಗಳುವವರು ಅದರ ಅರ್ಧವನ್ನು ಮಾತ್ರ ಕಂಡಿದ್ದಾರೆ.

ಕಲ್ಲಚ್ಚಿನ ವಿಧಾನ ಕನ್ನಡಿಗರಿಗೆ ಹೊಸದಲ್ಲ. ಮಂಗಳೂರಿನಲ್ಲಿ 1843ರಲ್ಲಿ ಮೋಗ್ಲಿಂಗ್ ಪಾದರಿ ಹೊರಡಿಸಿದ ‘ಮಂಗಳೂರ ಸಮಾಚಾರ’, ನಮ್ಮ ಮೊತ್ತಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಿನಿಂದಲೇ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಕಲ್ಲನ್ನು ತೇವಗೊಳಿಸಿ ಮಸಿ ಸವರಿದರೆ, ಜಿಡ್ಡಿದ್ದೆಡೆ ಮಸಿ ಹಿಡಿಯುತ್ತದೆ, ನೀರಿದ್ದೆಡೆ ಹಿಡಿಯುವುದಿಲ್ಲ. ತತ್ತ್ವ ಇಷ್ಟೇ. ಕೆತ್ತುವ ಕೆಲಸವಿಲ್ಲವಾದುದರಿಂದ ಕೈಯ ಒತ್ತಡದ ಏರಿಳಿತವೆಲ್ಲ ಹಾಗೆಯೇ ಕಾಗದಕ್ಕೆ ಇಳಿಯುತ್ತದೆ. 1920ರ ಸುಮಾರಿಗೆ ಕೊಲ್ವಿಟ್ಸ್ ಮರದಚ್ಚಿಗೆ ತಿರುಗಿ, ಯುದ್ಧವನ್ನು ಕುರಿತ ಏಳು ಚಿತ್ರಗಳನ್ನು ಕಡುಗಪ್ಪಿನಲ್ಲಿ ಕೊರೆದಳು. ಮುದಿತನದಲ್ಲಿ ಅವಳಿಗೆ ಒದಗಿದ್ದು ಮಾತ್ರ ಕಲ್ಲಚ್ಚಿನ ಮೃದುವಾದ ಬೂದುಛಾಯೆ.

ಚಿತ್ರ ಬರೆದ ಹೊತ್ತಿಗೆ ಆಕೆಗೆ ಪ್ರದರ್ಶನದ ಅವಕಾಶವೇ ಉಳಿದಿರಲಿಲ್ಲ. 1919ರಲ್ಲಿ ಗೌರವದಿಂದ ಬರಮಾಡಿಕೊಂಡಿದ್ದ ಪ್ರಷ್ಯದ ಕಲಾ ಅಕಾಡೆಮಿಯಿಂದ 1933ರಲ್ಲಿ ನಾಜಿಗಳು ಆಕೆಯನ್ನು ಹೊರಹೋಗುವಂತೆ ಮಾಡಿದ್ದರು. 1936ರಲ್ಲಿ ಗೆಸ್ಟಾಪೋ ಅಧಿಕಾರಿಗಳು ಮನೆಗೆ ಬಂದು ಬೆದರಿಸಿ ಹೋಗಿದ್ದರು. 1940ರಲ್ಲಿ ಗಂಡನೂ ತೀರಿಕೊಂಡಿದ್ದ. ಇದರ ಬಳಿಕ ಆಕೆ ಬೇರೆ ಮುದ್ರಣಚಿತ್ರ ಮಾಡಲಿಲ್ಲ.

ಹಿರಿಯ ಮಗ ಹಾನ್ಸನ ಮಗನಿಗೆ, ಸತ್ತ ಚಿಕ್ಕಪ್ಪನ ನೆನಪಿಗಾಗಿ, ಪೇಟರ್ ಎಂದೇ ಹೆಸರಿಟ್ಟಿದ್ದರು. 1942ರ ಸೆಪ್ಟೆಂಬರಿನಲ್ಲಿ ಈ ಮೊಮ್ಮಗ ರಷ್ಯದ ರಣರಂಗದಲ್ಲಿ ಮಡಿದ. ಮರುವರ್ಷದ ನವೆಂಬರಿನಲ್ಲಿ ಬಾಂಬು ದಾಳಿಗೆ ಬರ್ಲಿನ್ನಿನ ಮನೆ ಸುಟ್ಟುಹೋಯಿತು. ಅಜ್ಜಿ ಅಷ್ಟರಲ್ಲೇ ಊರು ಬಿಟ್ಟಿದ್ದಳು. ಡ್ರೆಸ್ಡನ್ ಬಳಿಯ ಮೋರಿಟ್ಸ್‌ಬುರ್ಗಿನಲ್ಲಿ ಆಕೆ 1945ರ ಏಪ್ರಿಲ್ 22ರಂದು ಕಣ್ಣುಮುಚ್ಚಿದಾಗ, ಯುದ್ಧ ಮುಗಿಯಲು ಇನ್ನು ಹದಿನಾರು ದಿನ ಉಳಿದಿತ್ತು.