ಹಳೇ ಫೋಟೋದಲ್ಲಿ ಇರುವವರು ಯಾರು?

ಮನೆಯ ಹಳೇ ಫೋಟೋಗಳಲ್ಲಿ ಕೆಲವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಕಂಡುಹಿಡಿಯಬಹುದು.

ಮೊದಲು ಫೋಟೋದ ಹಿಂಬದಿ ನೋಡಬೇಕು. ಸ್ಟುಡಿಯೋ ಸೀಲು, ತಾರೀಖು ಇರಬಹುದು. ಆಮೇಲೆ ಜನರ ಹಿಂದೆ ಏನು ಕಾಣುತ್ತದೆ ಎಂದು ನೋಡಬೇಕು.

ನಮ್ಮ ಟ್ರಂಕಿನಲ್ಲಿ ಶ್ರವಣಬೆಳಗೊಳದ ಒಂದು ಫೋಟೋ ಇತ್ತು. ತಾತ, ಅಜ್ಜಿ, ತಾತನ ಹೆಗಲ ಮೇಲೆ ಅಪ್ಪ. ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಅವಳು ಯಾರೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಅಜ್ಜಿಗೆ ತೋರಿಸೋಣವೆಂದರೆ ಈಗ ಕಣ್ಣು ಕಾಣುವುದಿಲ್ಲ.

ಫೋಟೋದಲ್ಲಿ ಗೊಮ್ಮಟನ ಹಿಂದೆ ತಲೆವರೆಗೂ ಅಟ್ಟಣಿಗೆ ಕಟ್ಟಿತ್ತು. ಅದನ್ನು ಮಹಾಮಸ್ತಕಾಭಿಷೇಕಕ್ಕೆ ಕಟ್ಟುತ್ತಾರೆ. ಅಭಿಷೇಕ ನಡೆದದ್ದು 1967, 1981, 1993, 2006 ಮತ್ತು 2018ರಲ್ಲಿ. ಅಪ್ಪ ಹುಟ್ಟಿದ್ದು 1978ರಲ್ಲಿ. ಆದ್ದರಿಂದ ಫೋಟೋ 1981ರದ್ದು. ಆಗ ಗೊಮ್ಮಟನಿಗೆ ಸಾವಿರ ವರ್ಷ ತುಂಬಿತ್ತು.

“ಅಜ್ಜಿ, ಸಾವಿರ ವರ್ಷದ ಅಭಿಷೇಕಕ್ಕೆ ನಿನ್ನ ಜೊತೆ ಯಾರು ಬಂದಿದ್ರು?” ಎಂದು ಕೇಳಿದೆ.

“ನನ್ನ ತಂಗಿ ಕಣೋ. ಮಾರನೇ ವರ್ಷವೇ ಜ್ವರ ಬಂದು ತೀರ್ಕೊಂಡ್ಲು. ಅವಳ್ದು ಬೇರೆ ಫೋಟೋನೇ ಇಲ್ಲ” ಎಂದು ಅಜ್ಜಿ ಫೋಟೋ ಮೇಲೆ ಕೈಯಾಡಿಸಿದರು.

ಕೇಳುವಾಗ ನಾವೇ ಹೆಸರು ಹೇಳಬಾರದು. ಹೇಳಿದರೆ ಅವರೂ ಹೌದು ಅಂದುಬಿಡುತ್ತಾರೆ. ಗೊತ್ತಾದ ಹೆಸರನ್ನು ಫೋಟೋ ಹಿಂದೆ ಪೆನ್ಸಿಲಿನಲ್ಲಿ ಮೆತ್ತಗೆ ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯಬಹುದು.

ಹಿರಿಯರು ಇರುವಾಗಲೇ ಕೇಳಿಕೊಳ್ಳಿ.