ಸೊಪ್ಪಿನ ನೀರು ಇಳಿಸುವ ಸ್ಪಿನ್ನರ್: ಕೊಳ್ಳುವ ಮುನ್ನ

ಬಿರಿಯಾನಿಗೆ ಪುದೀನ, ಚಟ್ನಿಗೆ ಕೊತ್ತಂಬರಿ, ಊಟದ ಜೊತೆಗೆ ಲೆಟ್ಯೂಸ್. ನಮ್ಮ ಅಡುಗೆ ಮನೆಗೆ ಸೊಪ್ಪು ಬಾರದ ದಿನ ಕಡಿಮೆ. ಕೊಲ್ಲಿ ರಾಷ್ಟ್ರಗಳಲ್ಲಿ ಇದ್ದು ಬಂದವರ ಮನೆಗಳಲ್ಲಿ ಫತ್ತೂಶ್, ತಬ್ಬೂಲೆಯಂತಹ ಹಸಿ ಸೊಪ್ಪಿನ ಸಲಾಡ್‌ಗಳೂ ಹೊಸತಲ್ಲ. ಈಗ ಅನೇಕರು ಸಲಾಡ್ ಸ್ಪಿನ್ನರ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ಅದರಿಂದ ಏನು ಪ್ರಯೋಜನ, ಕೊಳ್ಳುವುದಾದರೆ ಯಾವುದನ್ನು ಆರಿಸಬೇಕು ಎಂಬುದನ್ನು ನೋಡೋಣ.

ಸ್ಪಿನ್ನರ್‌ನಲ್ಲಿ ಮೂರು ಭಾಗಗಳಿವೆ: ಹೊರಗಿನ ಪಾತ್ರೆ, ಒಳಗಿನ ತೂತುಬುಟ್ಟಿ ಮತ್ತು ಬುಟ್ಟಿಯನ್ನು ತಿರುಗಿಸುವ ಮುಚ್ಚಳ. ಬುಟ್ಟಿ ವೇಗವಾಗಿ ತಿರುಗಿದಾಗ ಎಲೆಗೆ ಅಂಟಿದ ನೀರು ತೂತುಗಳಿಂದ ಹೊರಗೆ ಚಿಮ್ಮುತ್ತದೆ. ವಾಷಿಂಗ್ ಮೆಷಿನ್‌ನ ಡ್ರೈಯರ್ ಬಟ್ಟೆ ಹಿಂಡುವುದೂ ಹೀಗೆಯೇ.

ನೀರು ಏಕೆ ಇಳಿಯಬೇಕು?

ಆರೋಗ್ಯಕ್ಕೆ ಅತ್ಯಗತ್ಯವೆಂದು ಯುನಾನಿ ವೈದ್ಯಶಾಸ್ತ್ರ ಹೇಳುವ ಆರು ಸಂಗತಿಗಳಲ್ಲಿ, ಅಂದರೆ ಅಸ್ಬಾಬೆ ಸಿತ್ತಾ ಝರೂರಿಯ್ಯದಲ್ಲಿ, ಆಹಾರ ಮತ್ತು ಪಾನೀಯವೂ ಒಂದು. ಆಹಾರ ಕೆಡುವುದನ್ನು ನಮ್ಮ ಶಾಸ್ತ್ರ 'ಉಫೂನತ್' ಎನ್ನುತ್ತದೆ. ತೇವ ಮತ್ತು ಹೊರಗಿನ ಶಾಖ ಒಂದುಗೂಡಿದಾಗ ಉಫೂನತ್ ಉಂಟಾಗುತ್ತದೆ. ಇಂದಿನ ಸೂಕ್ಷ್ಮಾಣು ವಿಜ್ಞಾನ ಹೇಳುವುದೂ ಇದಕ್ಕೆ ಹತ್ತಿರವೇ: ತೇವ ಮತ್ತು ಬೆಚ್ಚಗಿನ ವಾತಾವರಣದಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೇಗ ಬೆಳೆಯುತ್ತವೆ. ಒದ್ದೆ ಕೊತ್ತಂಬರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಎರಡೇ ದಿನದಲ್ಲಿ ಲೋಳೆಯಾಗುವುದು ಇದಕ್ಕಾಗಿಯೇ.

ತೊಳೆಯುವ ಕೆಲಸ ಸ್ಪಿನ್ನರ್‌ನದ್ದಲ್ಲ

ಸ್ಪಿನ್ನರ್ ನೀರನ್ನು ಮಾತ್ರ ಇಳಿಸುತ್ತದೆ. ಅದು ರೋಗಾಣುಗಳನ್ನು ಕೊಲ್ಲುವುದಿಲ್ಲ. ಆದ್ದರಿಂದ ಮೊದಲು ಸೊಪ್ಪನ್ನು ಚೆನ್ನಾಗಿ ತೊಳೆಯಲೇಬೇಕು.

ಇಲ್ಲಿ ನಮ್ಮವರಲ್ಲಿರುವ ಒಂದು ತಪ್ಪು ತಿಳುವಳಿಕೆಯನ್ನು ತಿದ್ದಬೇಕಾಗಿದೆ. ಮೆದುಳಿನಲ್ಲಿ ಲಾಡಿಹುಳುವಿನ ಗಂಟು ಇದೆ ಎಂದು ಸ್ಕ್ಯಾನ್ ವರದಿ ಬಂದಾಗ, "ನಾವು ಹಂದಿ ಮಾಂಸ ಮುಟ್ಟುವವರೇ ಅಲ್ಲ, ಇದು ಹೇಗೆ ಬಂತು?" ಎಂದು ಮನೆಯವರು ಕಂಗಾಲಾಗುತ್ತಾರೆ. ಸೋಂಕಿರುವ ಹಂದಿ ಮಾಂಸವನ್ನು ಅರೆಬೇಯಿಸಿ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಆದರೆ ಮೆದುಳಿನ ಗಂಟು ಬರುವ ದಾರಿಯೇ ಬೇರೆ. ಹುಳುವಿರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಬರುತ್ತವೆ. ಕೊಳಚೆ ನೀರಿನಿಂದಲೋ ತೊಳೆಯದ ಕೈಯಿಂದಲೋ ಅವು ಸೊಪ್ಪಿಗೆ ಅಂಟುತ್ತವೆ. ಆ ಸೊಪ್ಪನ್ನು ಹಸಿಯಾಗಿ ತಿಂದವರು ಯಾರೇ ಆಗಲಿ, ಶುದ್ಧ ಸಸ್ಯಾಹಾರಿಯೇ ಆಗಲಿ, ಅವರಿಗೆ ಅಪಾಯವಿದೆ. ಈ ಸೋಂಕು ಹರಡಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಪ್ರಕರಣಗಳಲ್ಲಿ ಸುಮಾರು ಶೇ. 30ಕ್ಕೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಲಾಲ್ ಆಹಾರವನ್ನೇ ತಿನ್ನುತ್ತೇವೆ ಎಂಬ ನೆಮ್ಮದಿಯಲ್ಲಿ ಸೊಪ್ಪಿನ ಶುಚಿಯನ್ನು ಮರೆಯಬಾರದು.

ಉಪ್ಪು, ವಿನೆಗರ್ ಹಾಕಿದ ನೀರಿನಿಂದ ಈ ಮೊಟ್ಟೆಗಳು ಸಾಯುತ್ತವೆಂದು ನಂಬುವಂತಿಲ್ಲ. ಅವು ನೀರಿನ ರಭಸಕ್ಕೆ ಕಳಚಿ ಹೋಗಬೇಕು. ಕೊಳೆತ ಎಲೆ, ಬೇರು ತೆಗೆದು, ಹೆಚ್ಚುವ ಮೊದಲೇ ತೊಳೆಯಿರಿ. ಬುಟ್ಟಿಯೊಳಗಿನ ಸೊಪ್ಪನ್ನು ಪಾತ್ರೆ ತುಂಬ ನೀರಿನಲ್ಲಿ ಅಲುಗಾಡಿಸಿ, ಬುಟ್ಟಿಯನ್ನೇ ಮೇಲೆತ್ತಿ. ಸೊಪ್ಪಿನ ಮೇಲೆಯೇ ನೀರು ಬಗ್ಗಿಸಿದರೆ ತಳಕ್ಕಿಳಿದ ಮಣ್ಣು ಮತ್ತೆ ಅಂಟುತ್ತದೆ. ತಳದಲ್ಲಿ ಮರಳು ಕಾಣದಷ್ಟು ಸಲ ನೀರು ಬದಲಿಸಿ, ಕೊನೆಗೆ ನಲ್ಲಿಯ ಹರಿಯುವ ನೀರಿನಲ್ಲಿ ತೊಳೆಯಿರಿ. ಸೋಪು ಬೇಡ. ಎಷ್ಟೇ ತೊಳೆದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಗರ್ಭಿಣಿಯರು, ಪುಟ್ಟ ಮಕ್ಕಳು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಬೇಯಿಸಿದ ಸೊಪ್ಪೇ ಉತ್ತಮ.

ಆರಿಸುವಾಗ ನೋಡಬೇಕಾದದ್ದು

ಬಿಚ್ಚಿ ತೊಳೆಯಲು ಬರುತ್ತದೆಯೇ? ಇದೇ ಮೊದಲ ಪ್ರಶ್ನೆ. ಮುಚ್ಚಳದೊಳಗೆ ನೀರು ಸೇರಿ ಹೊರಬರದಿದ್ದರೆ ಅಲ್ಲಿ ಬೂಸ್ಟು ಹಿಡಿಯುತ್ತದೆ. ಮುಚ್ಚಳದ ಭಾಗಗಳೂ ಬಿಡಿಬಿಡಿಯಾಗುವಂಥದ್ದನ್ನೇ ಆರಿಸಿ.

ತಿರುಗಿಸುವ ಬಗೆ: ಹಗ್ಗ ಎಳೆಯುವಂಥದ್ದರಲ್ಲಿ ಒದ್ದೆ ಹಗ್ಗ ಕೊಳೆಯಾಗುತ್ತದೆ, ಸವೆದು ಹರಿಯುತ್ತದೆ. ಗುಂಡಿ ಒತ್ತುವಂಥದ್ದು ಒಂದೇ ಕೈಯಲ್ಲಿ ಸುಲಭ. ಕೀಲುನೋವು ಇರುವ ಹಿರಿಯರಿಗೂ ಹೊಂದುತ್ತದೆ. ಆದರೆ ಅದರ ಸ್ಪ್ರಿಂಗ್ ಕೆಟ್ಟರೆ ರಿಪೇರಿ ಕಷ್ಟ. ಹಿಡಿ ತಿರುಗಿಸುವಂಥದ್ದು ಸರಳ, ಬಾಳಿಕೆಯೂ ಹೆಚ್ಚು.

ಗಾತ್ರ: ನಾಲ್ಕೈದು ಮಂದಿಯ ಮನೆಗೆ 4ರಿಂದ 5 ಲೀಟರಿನದ್ದು ಸಾಕು. ಅರ್ಧಕ್ಕಿಂತ ಹೆಚ್ಚು ತುಂಬಿದರೆ ಎಲೆ ನಲುಗುತ್ತದೆ, ನೀರೂ ಇಳಿಯುವುದಿಲ್ಲ.

ಬುಟ್ಟಿ ಮತ್ತು ತಳ: ಪುದೀನ ಎಲೆ ನುಸುಳದಷ್ಟು ಸಣ್ಣ ತೂತು, ನಯವಾದ ಅಂಚು, ಕಲ್ಲಿನ ಕಟ್ಟೆಯ ಮೇಲೆ ಜಾರದಂತೆ ಅಡಿಯಲ್ಲಿ ರಬ್ಬರ್ ಇರಲಿ. ಪ್ಲಾಸ್ಟಿಕ್ ಆದರೆ ಆಹಾರಕ್ಕೆ ಯೋಗ್ಯವೆಂಬ ಗುರುತು ನೋಡಿ. ಹೊರಪಾತ್ರೆ ಸ್ಟೀಲಿನದ್ದಾದರೆ ಗೀರು ಬೀಳುವುದು ಕಡಿಮೆ.

ಬಳಸುವಾಗ

ಸ್ವಲ್ಪ ಸೊಪ್ಪು ಹಾಕಿ ತಿರುಗಿಸಿ, ನೀರು ಚೆಲ್ಲಿ, ಸೊಪ್ಪು ಕೊಡವಿ, ಇನ್ನೊಮ್ಮೆ ತಿರುಗಿಸಿ. ನಂತರ ಒಣ ಹತ್ತಿ ಬಟ್ಟೆ ಹಾಸಿದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಬಿರಿಯಾನಿಯ ದಿನ ಕೋಳಿ, ಮಾಂಸ, ಪುದೀನ ಎಲ್ಲವೂ ಒಂದೇ ಸಿಂಕಿಗೆ ಬರುತ್ತವೆ. ಮೊದಲು ಸೊಪ್ಪಿನ ಕೆಲಸ ಮುಗಿಸಿ, ಆಮೇಲೆ ಮಾಂಸ ಮುಟ್ಟಿ. ಮಾಂಸದ ನೀರು ಸೊಪ್ಪಿನ ಬುಟ್ಟಿಗೆ ಸಿಡಿಯಬಾರದು. ಪ್ರತಿ ಸಲ ಬಳಸಿದ ಮೇಲೆ ಸೋಪು ಹಾಕಿ ತೊಳೆದು, ಮಗುಚಿಟ್ಟು ಒಣಗಿಸಿ.

ಸ್ಪಿನ್ನರ್ ಕೊಳ್ಳಲೇಬೇಕೆಂದೇನೂ ಇಲ್ಲ. ವಾರಕ್ಕೆ ಒಂದೆರಡು ಕಟ್ಟು ಸೊಪ್ಪು ತರುವ ಮನೆಗೆ ಒಗೆದ ಮಲ್‌ಮಲ್ ಬಟ್ಟೆ ಸಾಕು. ತೊಳೆದ ಸೊಪ್ಪನ್ನು ಅದರಲ್ಲಿ ಗಂಟು ಕಟ್ಟಿ ಅಂಗಳದಲ್ಲಿ ನಾಲ್ಕು ಸಲ ಬೀಸಿದರೆ ನೀರು ಇಳಿಯುತ್ತದೆ. ಆ ಬಟ್ಟೆಯನ್ನು ಬೇರೆ ಕೆಲಸಕ್ಕೆ ಬಳಸದೆ, ಒಗೆದು ಬಿಸಿಲಿಗೆ ಹಾಕಿ. ದಿನವೂ ಸಲಾಡ್ ಮಾಡುವ ದೊಡ್ಡ ಕುಟುಂಬಕ್ಕೆ ಸ್ಪಿನ್ನರ್ ಉಪಯುಕ್ತ. ಉಳಿದವರಿಗೆ ಅದು ಕಪಾಟಿನಲ್ಲಿ ಕೂರುವ ವಸ್ತುವಾದರೆ ಇಸ್ರಾಫ್ ಆದೀತು. ಸೊಪ್ಪು ಕೊಳೆಸಿ ಬಿಸಾಡುವುದೂ ಇಸ್ರಾಫ್‌ ತಾನೇ? ಶುಚಿತ್ವವನ್ನು ವಿಶ್ವಾಸದ ಭಾಗವಾಗಿ ಕಲಿತ ನಾವು, ನಮಾಝಿನ ವುಝೂವಿಗೆ ತೋರುವ ಕಾಳಜಿಯನ್ನು ತಟ್ಟೆಗೆ ಬರುವ ಸೊಪ್ಪಿನ ಎಲೆಗೂ ತೋರೋಣ.